ಎರಡು ಕಿಲೋ ಎಂಟುನೂರರ ಗಂಡುಕೂಸು

"ತುಳಸೀಬಾಯಿ ಮನ್ಯಾಗ ವರ್ಷಪೂರ್ತಿ ಪುರುಡು, ತೊಟ್ಟಿಲ ಒಂದ ಇಲ್ಲ ನೋಡ್ರಿ!" ಎಂದು ಸಿಂದಗಿಯ ಆ ಓಣಿಯವರು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಆಡಿಕೊಳ್ಳುತ್ತಿದ್ದರು.

ಆಡಿಕೊಳ್ಳಲಿಕ್ಕೆ ಕಾರಣವೂ ಇತ್ತೆನ್ನಿ. ತುಳಸೀಬಾಯಿಯ ಅಣ್ಣ ರಾಮಚಂದ್ರರಾಯರು ಬಸವನ ಬಾಗೇವಾಡಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅವರ ಮಗಳು ಸಂಪದಾ ಎಂಬಿಬಿಎಸ್ ಮುಗಿಸಿ, ಸಿಂದಗಿಯ ಹೊರಗೆ ತೊಗರಿ ಹೊಲಗಳ ನಡುವೆ ಎದ್ದು ನಿಂತ ಮೆಡಿಕಲ್ ಕಾಲೇಜಿನಲ್ಲಿ ಹೆರಿಗೆ ವಿಭಾಗದ ಮೂರು ವರ್ಷದ ಓದಿಗೆ ಸೇರಿದ್ದಳು. ಸೋದರತ್ತೆಯ ಮನೆಯಲ್ಲಿ ಉಳಿದಿದ್ದಳು. ಕೂಸು ಹುಟ್ಟಿದರೆ ಹತ್ತು ದಿನ ಮೈಲಿಗೆ ಎಂಬುದು ತುಳಸೀಬಾಯಿಯ ಶಾಸ್ತ್ರ. ಹಾಗಾದರೆ ದಿನಕ್ಕೆ ಹದಿನೈದು ಹೆರಿಗೆ ನೋಡಿ ಬರುವವಳಿಗೆ ಎಷ್ಟು ದಿನ? ಪಂಚಾಂಗದ ಬದಿಯಲ್ಲಿ ಪೆನ್ಸಿಲ್ ಹಿಡಿದು ಗುಣಿಸಿಯೇ ಗುಣಿಸಿದರು. ಮೂರು ವರ್ಷದ ಓದು ಮುಗಿಯುವ ಹೊತ್ತಿಗೆ ಸೋದರಸೊಸೆಯ ತಲೆಯ ಮೇಲೆ ನಾಲ್ಕುನೂರೈವತ್ತು ವರ್ಷದ ಮೈಲಿಗೆ ಕೂಡುತ್ತದೆ ಎಂದು ತಿಳಿದಾಗ ಪೆನ್ಸಿಲ್ ಕೆಳಗಿಟ್ಟು, ಹಿತ್ತಲಲ್ಲಿ ನಾಲ್ಕು ತಗಡು ಹೊಡೆಸಿ ಒಂದು ಬಚ್ಚಲು ಕಟ್ಟಿಸಿದರು. ಶಾಸ್ತ್ರ ಅಷ್ಟಕ್ಕೇ ಸುಮ್ಮನಾಯಿತು.

ಹೊರಗಿನವರಿಗೆ ಡಾಕ್ಟರಾದ ಸಂಪದಾ ಆಸ್ಪತ್ರೆಯೊಳಗೆ ಏನಾಗಿದ್ದಳು ಎಂದು ಓಣಿಯವರಿಗೆ ಗೊತ್ತಿರಲಿಲ್ಲ, ಅದೇ ಪುಣ್ಯ. ಮೊದಲ ವರ್ಷ ರಕ್ತದ ಸೀಸೆ ಹಿಡಿದು ಲ್ಯಾಬಿಗೆ ಓಡಿದಳು, ಸ್ಟ್ರೆಚರ್ ನೂಕಿದಳು, ಮೂರನೇ ವರ್ಷದವರಿಗೆ ಚಹಾ ತಂದಳು, ತಣ್ಣಗಾಗಿದೆ ಎಂದು ಬೈಸಿಕೊಂಡಳು. ಎರಡನೇ ವರ್ಷ ಅದನ್ನೇ ಮೊದಲ ವರ್ಷದವರಿಂದ ಮಾಡಿಸುವುದನ್ನು ಕಲಿತಳು. ಇದಕ್ಕೆ ತರಬೇತಿ ಎಂದು ಹೆಸರು. ವಿಭಾಗದ ಮುಖ್ಯಸ್ಥರು ಡಾಕ್ಟರ್ ಶ್ರೀವಲ್ಲಭ. ಅವರು ಹೆರಿಗೆಯ ಬಗ್ಗೆ ಎರಡು ತಾಸು ನಿಲ್ಲದೆ ಮಾತಾಡಬಲ್ಲವರು; ಆದರೆ ಹೆರಿಗೆ ಕೋಣೆಯೊಳಗೆ ಅವರನ್ನು ಕಂಡ ಬಸುರಿಯರು ಆ ತಾಲೂಕಿನಲ್ಲಿ ಉಳಿದಿರಲಿಲ್ಲ. ಹಾಗೆ ಕಂಡವರ ಮಕ್ಕಳೆಲ್ಲ ಈಗ ಕಾಲೇಜಿಗೆ ಹೋಗುತ್ತಿದ್ದರು.

ನಿಜವಾಗಿ ಕಲಿಸಿದವಳು ಆಯಾ ರಹಿಮಾಬಿ. ಇಂಡಿ ಕಡೆಯವಳು, ಇಪ್ಪತ್ತೆರಡು ವರ್ಷದಿಂದ ದಿನಗೂಲಿ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವವಳು, ಆದರೆ ಬಾಗಿಲಾಚೆಯಿಂದ ನರಳಿಕೆ ಕೇಳಿಯೇ "ಇದು ಇನ್ನ ತಾಸೊತ್ತು ಐತಿ", "ಇದು ಬಂತು, ಕೈಗವಸ ಹಾಕ್ರಿ" ಎಂದು ಹೇಳಿಬಿಡುವಳು. ಸಂಪದಾ ಮೊಟ್ಟಮೊದಲ ಕೂಸನ್ನು ಕೈಯಲ್ಲಿ ಹಿಡಿಯುವಾಗ ಪುಸ್ತಕದ ಪುಟ ನೆನಪು ಮಾಡಿಕೊಳ್ಳುತ್ತ ನಿಂತಿದ್ದಳು. ರಹಿಮಾಬಿ ಪಕ್ಕದಿಂದ ಮೊಣಕೈಯಲ್ಲಿ ತಿವಿದಿದ್ದಳು.

"ಡಾಕ್ಟರವ್ವಾ, ಪಾಠ ಆಮ್ಯಾಲ ಒಪ್ಪಸ್ರಿ. ಮೊದ್ಲ ತಲಿಗೆ ಕೈ ಕೊಡ್ರಿ!"

ಇನ್ನು ಆ ವಿಭಾಗದ ಒಂದು ಕಸುಬಿನ ಬಗ್ಗೆ ಹೇಳಲೇಬೇಕು. ಹೆರಿಗೆ ಚಾರ್ಟು ಅಂತ ಒಂದು ಹಾಳೆ ಇರುತ್ತದೆ. ನೋವು ಶುರುವಾದ ಮೇಲೆ ಅರ್ಧ ತಾಸಿಗೊಮ್ಮೆ ಕೂಸಿನ ಎದೆಬಡಿತ, ತಾಯಿಯ ನಾಡಿ, ನೋವಿನ ಜೋರು, ಎಲ್ಲ ಅದರ ಮನೆಗಳಲ್ಲಿ ತುಂಬಬೇಕು. ಗೆರೆ ಎಲ್ಲಿ ಅಡ್ಡ ಹೊರಳಿತೋ ಅಲ್ಲಿ ಅಪಾಯ ಎಂದು ತಿಳಿಯಬೇಕು. ಬಹಳ ಒಳ್ಳೆಯ ಹಾಳೆ. ಆದರೆ ಹಾಸಿಗೆ ಎಂಟು, ಬಸುರಿಯರು ಇಪ್ಪತ್ತು, ಕೈ ನಾಲ್ಕು. ಹಾಗಾಗಿ ಹೆರಿಗೆ ಮೊದಲು, ಚಾರ್ಟು ಆಮೇಲೆ. ಚಹಾ ಕುಡಿಯುತ್ತ, ಗುಂಪಾಗಿ ಕೂತು, ಹಪ್ಪಳ ಒತ್ತುವವರ ಹಾಗೆ ಹಾಳೆಯ ಮೇಲೆ ಹಾಳೆ ತುಂಬುತ್ತಿದ್ದರು. ಆ ಚಾರ್ಟುಗಳ ಪ್ರಕಾರ ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಮಸ್ತ ಹೆಂಗಸರೂ ಒಂದೇ ಓಟದಲ್ಲಿ, ಒಂದೇ ಗೆರೆಯಲ್ಲಿ, ಒಂದು ಚೂರೂ ಆಚೀಚೆ ಆಗದೆ ಹೆತ್ತಿದ್ದರು. ಸಂಪದಾಳ ಅಕ್ಷರ ಮುತ್ತಿನಂತಿದ್ದುದರಿಂದ ಈ ಕೆಲಸದಲ್ಲಿ ಅವಳಿಗೆ ಬಹಳ ಹೆಸರು.

ಮೂರನೇ ವರ್ಷ, ಕೊನೆಯ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಆ ದಿನ ಸಂಜೆ ನಾಲ್ಕಕ್ಕೆ ಮೇಲಿನಿಂದ ತಪಾಸಣೆಯವರು ಬರುವವರಿದ್ದರು. ಜೂನಿಯರುಗಳನ್ನೆಲ್ಲ ಹೂಗುಚ್ಛ ತರಲಿಕ್ಕೆ, ಕುರ್ಚಿಗೆ ಬಿಳಿ ಬಟ್ಟೆ ಹೊದಿಸಲಿಕ್ಕೆ ಅಟ್ಟಿದ್ದರು. ಮೂವತ್ತು ತಾಸಿನಿಂದ ಕಣ್ಣು ಮುಚ್ಚದ ಸಂಪದಾಳ ಮುಂದೆ ಶ್ರೀವಲ್ಲಭರು ಬಂದು ನಿಂತರು.

"ಫೈಲಿನೊಳಗ ಒಂದೂ ಖಾಲಿ ಮನಿ ಕಾಣಬಾರ್ದು. ಪೂರ್ಣ ಇರಬೇಕು. ಏನಂದೆ?"

"ಪೂರ್ಣ, ಸರ್."

ವಿಭಾಗದಲ್ಲಿ ಅವಳಷ್ಟು ವಿಧೇಯ ವಿದ್ಯಾರ್ಥಿನಿ ಇನ್ನೊಬ್ಬಳಿರಲಿಲ್ಲ. ಅದೇ ಮುಳುವಾಯಿತು. ನೋವು ತಿನ್ನುತ್ತಿದ್ದ ಆರು ಮಂದಿಯ ಫೈಲು ಎಳೆದುಕೊಂಡು ಕೂತಳು. ನಾಡಿ ಬರೆದಳು, ಎದೆಬಡಿತ ಬರೆದಳು, ಗೆರೆ ಎಳೆದಳು. ಗೆರೆ ಎಳೆದ ಮೇಲೆ ಕೊನೆ ಮುಟ್ಟಬೇಕಲ್ಲ? ತಾಂಬಾದ ಮಹಾನಂದಾ ಎಂಬ ಚೊಚ್ಚಲ ಬಸುರಿ ಎದುರಿನ ಹಾಸಿಗೆಯಲ್ಲಿ ಬಿಸ್ಕೀಟು ಅದ್ದಿಕೊಂಡು ಚಹಾ ಕುಡಿಯುತ್ತಿದ್ದಳು. ಅವಳ ಹಾಳೆಯ ತುದಿಗೆ ಸಂಪದಾಳ ಕೈ ತಾನಾಗಿ ಬರೆಯಿತು: ಸಂಜೆ ನಾಲ್ಕು ಹತ್ತು, ಸಹಜ ಹೆರಿಗೆ, ಗಂಡು, ಎರಡು ಕಿಲೋ ಎಂಟುನೂರು ಗ್ರಾಂ, ಹುಟ್ಟಿದ ಕೂಡಲೇ ಜೋರಾಗಿ ಅತ್ತಿತು. ಆಗ ಗಡಿಯಾರದಲ್ಲಿ ಎರಡೂ ಮುಕ್ಕಾಲು.

ತಪಾಸಣೆಯವರು ನಾಲ್ಕಕ್ಕೆ ಸರಿಯಾಗಿ ಬಂದರು. ನಾಲ್ಕು ಹತ್ತಕ್ಕೆ ಹುಟ್ಟಲಿರುವ ಕೂಸಿನ ಚಾರ್ಟನ್ನು ನಾಲ್ಕು ಐದಕ್ಕೆ ನೋಡಿ, "ಅಕ್ಷರ ಛಲೋ ಅವ" ಎಂದು ಹೊಗಳಿ, ಸಹಿ ಹಾಕಿ, ಗೋಡಂಬಿ ತಿಂದು ಹೋದರು.

ಅವರು ನೋಡದ್ದನ್ನು ಮಹಾನಂದಾಳ ಗಂಡ ಕಾಂತು ಮೊದಲೇ ನೋಡಿಬಿಟ್ಟಿದ್ದ. ತಾಂಬಾದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಷಾರಿ ಮನುಷ್ಯ. ಮೂರು ಗಂಟೆಗೆ ಫೈಲು ಕೈಗೆ ಕೊಟ್ಟು ರಕ್ತದ ವರದಿ ತಾ ಎಂದು ಕಳಿಸಿದ್ದರು. ದಾರಿಯಲ್ಲಿ ಬಿಚ್ಚಿದ, 'ಗಂಡು' ಎಂಬುದನ್ನು ಓದಿದ, ಫೋಟೋ ತೆಗೆದ, ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ. ಹೆಂಡತಿ ಇನ್ನೂ ಹೆತ್ತಿಲ್ಲ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ದೊಡ್ಡ ದವಾಖಾನೆ, ಬರೆದಿದ್ದಾರೆ ಎಂದಮೇಲೆ ಆಗಿರಲೇಬೇಕು. ನಾಲ್ಕಕ್ಕೆ ತಾಂಬಾದ ಅರ್ಧ ಊರು ಪೇಢೆ ತಿಂದು ಕೈ ಒರೆಸಿಕೊಂಡಿತ್ತು.

ಐದೂವರೆಗೆ ಮಹಾನಂದಾ ಹೆತ್ತಳು. ರಹಿಮಾಬಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು, ಕಾಂತುವಿನ ತಾಯಿ ಸಾವಿತ್ರವ್ವನ ಮುಂದೆ ಹಿಡಿದಳು.

"ತಗೋರಿ ಯಕ್ಕಾ, ಹೆಣ್ಣಕೂಸು. ಗಲ್ಲ ನೋಡ್ರಿ, ಬೆಣ್ಣಿ ಬೆಣ್ಣಿ."

ಸಾವಿತ್ರವ್ವ ಕೈ ಚಾಚಲಿಲ್ಲ. "ಇದು ಯಾರ್ದೋ ಐತಿ. ನಮ್ದು ಗಂಡು. ಅದನ್ನ ತಗೊಂಡ್ ಬಾ."

"ಒಳಗ ಹಡದಾಕಿ ಒಬ್ಬಾಕೇ ರೀ!"

"ನೋಡು, ಸರಕಾರದ ಹಾಳ್ಯಾಗ ಬರದೈತಿ. ಎರಡು ಕಿಲೋ ಎಂಟನೂರು. ಎಲ್ಲಿ ಇಟ್ಟಿ ನಮ್ಮ ಕೂಸಿನ್ನ?"

ಹತ್ತು ನಿಮಿಷದಲ್ಲಿ ವರಾಂಡ ತುಂಬಿತು. ಆಯಾ ಕೂಸು ಅದಲುಬದಲು ಮಾಡಿದಳು ಎಂದು ಒಂದು ಕೂಗು. ಮರುದಿನ ಅದೇ ಫೋಟೋ ಜಿಲ್ಲೆಯ ಒಬ್ಬ ಅಧಿಕಾರಿಯ ಮೇಜಿಗೆ ಹೋಗಿ ಮುಟ್ಟಿತು. ಹುಟ್ಟುವ ಮೊದಲೇ ಗಂಡು ಎಂದು ಬರೆದಿದ್ದಾರೆಂದರೆ ಒಳಗೆ ಕಳ್ಳತನದಲ್ಲಿ ಸ್ಕ್ಯಾನಿಂಗ್ ನಡೆದಿದೆ ಎಂದು ಆತನ ತರ್ಕ. ಸ್ಕ್ಯಾನ್ ಮಾಡಿದ್ದರೆ ಹೆಣ್ಣು ಎಂದು ಬರೆಯಬೇಕಿತ್ತಲ್ಲ ಎಂದು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಎರಡು ಆರೋಪವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಆದರೆ ಎರಡೂ ರಹಿಮಾಬಿಯ ತಲೆಗೆ ಮಾತ್ರ ಚೆನ್ನಾಗಿ ಹೊಂದಿದವು. ಅವಳನ್ನು ಕೆಲಸಕ್ಕೆ ಬರಬೇಡ ಎಂದರು. ವಾರ್ಡಿನ ಮೂಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದ ಮಹಾನಂದಾ, "ಹಡದಾಕಿ ನಾನು. ನನ್ನನ್ನ ಒಬ್ರರ ಕೇಳ್ರೆಲಾ" ಎಂದಳು. ಅದನ್ನೂ ಯಾರೂ ಕೇಳಲಿಲ್ಲ.

ಸೋಮವಾರ ಶ್ರೀವಲ್ಲಭರ ಕೋಣೆಯಲ್ಲಿ ವಿಚಾರಣೆ. ಅದಕ್ಕೆ ಮುಂಚೆ ಸಂಪದಾಳನ್ನು ಒಬ್ಬಳನ್ನೇ ಕರೆದು ಟೈಪು ಮಾಡಿದ ಒಂದು ಕಾಗದ ಮುಂದೆ ಸರಿಸಿದರು. ಆಯಾ ರಹಿಮಾಬಿ ಎಂಬವಳು ವೈದ್ಯರಿಲ್ಲದ ಸಮಯ ಸಾಧಿಸಿ ಚಾರ್ಟಿನಲ್ಲಿ ತಪ್ಪು ವಿವರ ಬರೆದಿದ್ದಾಳೆ ಎಂದು ಅದರಲ್ಲಿತ್ತು. ಸಂಪದಾ ಸಹಿ ಹಾಕಿದರೆ ಸಾಕಿತ್ತು.

"ಸರ್, ರಹಿಮಾಬಿಗೆ ಓದು ಬರಹ ಬರೂದಿಲ್ಲ. ಚಾರ್ಟ್ ಇಂಗ್ಲಿಷಿನೊಳಗ ಅದ."

"ಇಪ್ಪತ್ತೆರಡು ವರ್ಷ ಇಲ್ಲೇ ಇದ್ದಾಳ. ಕಲಿತಿರಬಹುದು."

"ನಾನೇ ಬರದದ್ದು, ಸರ್."

ಶ್ರೀವಲ್ಲಭರು ಕನ್ನಡಕ ತೆಗೆದರು. ಪ್ರೀತಿಯ ದನಿ ಮಾಡಿದರು. ಅವರು ಪ್ರೀತಿಯ ದನಿ ಮಾಡಿದರೆ ವಿಭಾಗವೇ ನಡುಗುತ್ತಿತ್ತು. "ಸಂಪದಾ, ನಿನ್ನ ಪ್ರಬಂಧಕ್ಕ ನನ್ನ ಸಹಿ ಆಗಬೇಕು. ಪರೀಕ್ಷಾಕ್ಕ ನನ್ನ ಸಹಿ ಆಗಬೇಕು. ನಾ ನಿನ್ನ ಒಂದು ಸಹಿ ಕೇಳ್ಲಿಕ್ಕತ್ತೀನಿ. ಆಕಿಗೇನು, ಇಲ್ಲಿ ಇಲ್ಲಂದ್ರ ಇನ್ನೊಂದ್ಕಡೆ ಕಸ ಹೊಡೀತಾಳ."

ಸಂಪದಾಳ ಪೆನ್ನು ಕೈಯಲ್ಲೇ ಇತ್ತು. ಮೂರು ವರ್ಷದಲ್ಲಿ ಆ ಪೆನ್ನು ಎಷ್ಟು ಸುಳ್ಳು ಬರೆದಿತ್ತೋ, ಇನ್ನೊಂದು ಬರೆದರೆ ಅದಕ್ಕೇನೂ ಭಾರವಾಗುತ್ತಿರಲಿಲ್ಲ. ಆದರೆ ಕಾಗದದಲ್ಲಿ ರಹಿಮಾಬಿಯ ಹೆಸರನ್ನು ಎರಡು ಕಡೆ ಎರಡು ಥರ ತಪ್ಪಾಗಿ ಬರೆದಿದ್ದರು. ಇಪ್ಪತ್ತೆರಡು ವರ್ಷ ಜತೆಗಿದ್ದವಳ ಹೆಸರು! ಅದನ್ನು ನೋಡಿ ಅವಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಪೆನ್ನಿನ ಟೊಪ್ಪಿ ಹಾಕಿ ಜೇಬಿಗೆ ಇಟ್ಟುಕೊಂಡಳು.

ವಿಚಾರಣೆಗೆ ಕೂತ ಮೂವರ ಮುಂದೆ, ಕಾಂತು ಮತ್ತು ಸಾವಿತ್ರವ್ವರ ಮುಂದೆ, ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ರಹಿಮಾಬಿಯ ಮುಂದೆ ಅವಳು ನಡೆದದ್ದು ನಡೆದ ಹಾಗೆ ಹೇಳಿದಳು. ಯಾರೂ ನಂಬಲಿಲ್ಲ. ಹೆರಿಗೆಗೆ ಮೊದಲೇ ಹೆರಿಗೆ ಬರೆದಿಡುವಷ್ಟು ಹುಚ್ಚರು ಇರುತ್ತಾರೆಯೇ? ಮೂವರಲ್ಲೊಬ್ಬನಾದ ಜಿಲ್ಲೆಯ ಅಧಿಕಾರಿ ತಲೆ ಅಲ್ಲಾಡಿಸಿದ. ಸಾವಿತ್ರವ್ವ, "ಆಯಾನ ಉಳಸಾಕ ಕತಿ ಕಟ್ಟಾಕತ್ತಾಳ" ಎಂದಳು.

"ಹಂಗಾರ ಬರ್ರಿ" ಎಂದು ಸಂಪದಾ ಎದ್ದಳು. "ಇವತ್ತೂ ಬರದಿರ್ತೇವಿ. ನೋಡೂಣು."

ಎಲ್ಲರೂ ಅವಳ ಹಿಂದೆ ಹೆರಿಗೆ ವಾರ್ಡಿಗೆ ಹೋದರು. ಶ್ರೀವಲ್ಲಭರೂ ಹೋದರು, ಬಹಳ ವರ್ಷಕ್ಕೆ ಆ ಬಾಗಿಲು ಕಂಡರು. ಹಗಲು ಹನ್ನೊಂದೂವರೆ. ನಾಲ್ಕು ಮಂದಿ ಇನ್ನೂ ಸೊಂಟ ಹಿಡಿದುಕೊಂಡು ಅಡ್ಡಾಡುತ್ತಿದ್ದರು. ಸಂಪದಾ ನಾಲ್ಕು ಫೈಲು ತೆಗೆದು ಕಾಂತುವಿನ ಕೈಗೇ ಕೊಟ್ಟಳು. ಅವನು ಗೊಬ್ಬರದ ಚೀಲದ ಮೇಲಿನ ಬರಹ ಓದುವ ಹಾಗೆ ಬೆರಳಿಟ್ಟು ಓದಿದ. ಹಾಳೆಯ ಪ್ರಕಾರ ಮಧ್ಯಾಹ್ನ ಒಂದಕ್ಕೆ ಹೆತ್ತವಳೊಬ್ಬಳು ಅವನೆದುರಿಗೇ ನಿಂತು ಬಾಳೆಹಣ್ಣು ಸುಲಿಯುತ್ತಿದ್ದಳು.

"ಇವ್ರಿಗೂ ಗಂಡು, ಎರಡು ಕಿಲೋ ಎಂಟನೂರು" ಎಂದ ಕಾಂತು, ದನಿ ಸಣ್ಣಗಾಗಿ. "ಇವ್ರಿಗೂ. ಇವ್ರಿಗೂ. ಇವ್ರಿಗೂ."

ಬಾಳೆಹಣ್ಣಿನವಳು, "ನಂಗ ಆತೇನ್ರಿ?" ಎಂದು ಹೊಟ್ಟೆ ಮುಟ್ಟಿಕೊಂಡು ಕೇಳಿದಳು.

ಸಾವಿತ್ರವ್ವ ಸಂಪದಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲವಾ ತಂಗಿ, ನಾವು ಹಳ್ಳಿ ಮಂದಿ, ಗಂಡು ಗಂಡು ಅಂತ ಬಡಕೋತೇವಿ. ನೀ ಇಷ್ಟ ಕಲತಾಕಿ. ಸುಳ್ಳಽ ಬರಿಯೂದಿತ್ತಂದ್ರ ನಾಲ್ಕರಾಗ ಒಂದರ ಹೆಣ್ಣ ಬರೀಬೇಕಿಲ್ಲೇನ?"

ಸಂಪದಾ ನಾಲ್ಕೂ ಫೈಲು ಕಾಂತುವಿನ ಕೈಯಿಂದ ತಿರುಗಿ ಇಸಿದುಕೊಂಡಳು. ಗಂಡು ಎಂದು ಮೊದಲು ಅವಳ ಕೈಯೇ ಬರೆದದ್ದು, ಯಾರೂ ಹೇಳಿಕೊಟ್ಟಿರಲಿಲ್ಲ. ಅವಳದನ್ನು ನೋಡಿ ಕಲಿತ ಜೂನಿಯರುಗಳೂ ಅದನ್ನೇ ಬರೆದಿದ್ದರು.

ಸಾವಿತ್ರವ್ವ ಸೊಸೆಯ ಹಾಸಿಗೆಗೆ ಹೋಗಿ, ಕೂಸಿನ ಮುಖದ ಬಟ್ಟೆ ಸರಿಸಿ, "ಮೂಗು ನಮ್ಮ ಕಾಂತೂಂದಽ ಐತಿ, ಹಾಳಾಗಿ ಹೋಗ್ಲಿ" ಎಂದು ಎತ್ತಿಕೊಂಡಳು. ಪೇಢೆ ತಿಂದ ಊರಿಗೆ ಏನು ಹೇಳಬೇಕೆಂದು ಕಾಂತು ಫೋನು ತಿರುಗಿಸುತ್ತ ನಿಂತ. "ತಿಂದದ್ದು ತಿಂದ್ರು. ತಿರುಗಿ ಕೇಳ್ತಿ ಏನ?" ಎಂದು ಮಹಾನಂದಾ ಗದರಿದಳು. ಆ ವಾರದಲ್ಲಿ ಅವಳು ಹೇಳಿದ್ದರಲ್ಲಿ ಅದೊಂದನ್ನು ಎಲ್ಲರೂ ಕೇಳಿಸಿಕೊಂಡರು.

ರಹಿಮಾಬಿ ಮಧ್ಯಾಹ್ನವೇ ಕೆಲಸಕ್ಕೆ ಹಾಜರಾದಳು. ಕ್ಷಮೆ ಕೇಳುವ ಪದ್ಧತಿ ಆ ವಿಭಾಗದಲ್ಲಿರಲಿಲ್ಲ. ಹೆಬ್ಬೆಟ್ಟು ಒತ್ತು ಎಂದು ಹಾಜರಿ ಪುಸ್ತಕ ಸರಿಸಿದರು, ಅಷ್ಟೇ. ವರದಿ ಬರೆಯುವ ಕಾಲಕ್ಕೆ ವಿಭಾಗದ ಪದ್ಧತಿ ಎಂಬುದು ಎಲ್ಲೋ ಕರಗಿಹೋಗಿ ಒಬ್ಬ ವಿದ್ಯಾರ್ಥಿನಿಯ ಬೇಜವಾಬ್ದಾರಿ ಎಂಬುದಷ್ಟೇ ಉಳಿಯಿತು. ಸಂಪದಾಳ ಪರೀಕ್ಷೆ ಆರು ತಿಂಗಳು ಮುಂದೆ ಹೋಯಿತು. ಆ ಆರು ತಿಂಗಳು ಮುದ್ದೇಬಿಹಾಳದ ಕಡೆ ದವಾಖಾನೆಯಲ್ಲಿ ದುಡಿಯಬೇಕೆಂದು ಆದೇಶ. ಆಜ್ಞೆ ಕೊಡುವಾಗ ಶ್ರೀವಲ್ಲಭರು, ಆತ್ಮಾವಲೋಕನಕ್ಕೆ ಒಳ್ಳೆಯ ಜಾಗ, ಎಂದರಂತೆ. ಅವರು ಅಲ್ಲಿಗೆ ಎಂದೂ ಹೋಗಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ತುಳಸೀಬಾಯಿ ಅವಲಕ್ಕಿ ಕಲಸಿ ಮುಂದಿಟ್ಟರು.

"ಓಣ್ಯಾಗ ಕೇಳ್ತಾರ. ಏನ ಹೇಳ್ಲಿ?"

"ತಪ್ಪು ಬರದ್ಲು, ಶಿಕ್ಷಾ ಆತು ಅಂತ ಹೇಳು, ಅತ್ಯಾ."

"ನೀ ಒಬ್ಬಾಕೀನಽ ಬರೀತಿದ್ದೇನು?"

"ಇಲ್ಲ. ಎಲ್ಲಾರೂ ಬರೀತಿದ್ವಿ."

"ಮತ್ತ ಉಳದವ್ರು?"

"ಅವ್ರು ಪಾಸಾಗ್ತಾರ."

ತುಳಸೀಬಾಯಿ "ಇನ್ನೊಂಚೂರು ಹಾಕ್ಕೋ, ಅಲ್ಲಿ ಯಾರು ಕೊಡ್ತಾರ" ಎಂದು ತಟ್ಟೆಗೆ ಅವಲಕ್ಕಿ ಸುರಿದರು. ಸಂಪದಾ ಅದನ್ನೂ ತಿಂದಳು. ಚೀಲ ಹೆಗಲಿಗೇರಿಸಿ, ಅತ್ತೆಗೆ ನಮಸ್ಕಾರ ಮಾಡಿ, ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ. ಪರೀಕ್ಷೆ ಮುಗಿಸಿ ಮುದ್ದೇಬಿಹಾಳದಲ್ಲೇ ಡಾಕ್ಟರಾಗಿ ನಿಂತಳು. ಆ ಬೆಳಿಗ್ಗೆ ಅದು ಇಬ್ಬರಿಗೂ ಗೊತ್ತಿರಲಿಲ್ಲ. "ಮುಟ್ಟಿದ ಕೂಡ್ಲೆ ಫೋನ್ ಮಾಡು" ಎಂದರು ತುಳಸೀಬಾಯಿ. ಹೂಂ ಎಂದು ಸಂಪದಾ ಬಸ್ ಸ್ಟ್ಯಾಂಡಿನ ಕಡೆ ನಡೆದಳು.