ಎಂಬತ್ನಾಲ್ಕರಲ್ಲಿ ನಿಂತ ತೂಕ

ಅಕ್ಕನ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾದಾಗ ಅವಳಿಗೆ ನಲವತ್ತೆಂಟು, ನನಗೆ ನಲವತ್ನಾಲ್ಕು. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಳ್ಳಾರಿಗೆ ಬಂದು, ಗಾಂಧಿನಗರದ ನಮ್ಮ ಮನೆಯಲ್ಲಿ ಮಲಗಿದ್ದು, ಮರುದಿನ ಬಸ್ಸು ಹತ್ತುತ್ತಿದ್ದಳು. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಷ್ಟೋ ವರ್ಷ ಬೋರ್ಡಿನ ಮೇಲೆ ಕಿಡ್ನಿಯ ಚಿತ್ರ ಬರೆದು, ಒಂದೇ ಇದ್ದರೂ ಮನುಷ್ಯ ಬದುಕಬಲ್ಲ ಎಂದು ಮಕ್ಕಳಿಗೆ ಹೇಳಿದವಳು.

ನನ್ನದೊಂದು ಕಿಡ್ನಿ ಕೊಡುತ್ತೇನೆಂದೆ. ನನ್ನ ರಕ್ತ ಅವಳಿಗೆ ಹೊಂದಿತು. ಡಾಕ್ಟರು ಉಳಿದ ರಿಪೋರ್ಟುಗಳನ್ನೆಲ್ಲ ನೋಡಿ, ಆಮೇಲೆ ನನ್ನನ್ನು ನೋಡಿದರು.

"ಎಲ್ಲಾ ಚೊಲೋ ಐತಿ ಮೇಡಂ. ತೂಕ ಒಂದ ತೊಂಬತ್ತೊಂದು ಐತಿ. ಇಷ್ಟು ತೂಕದಾಗ ಒಂದು ಕಿಡ್ನಿ ತೆಗೆದ್ರ ಮುಂದ ನಿಮಗೂ ತ್ರಾಸು. ಎಪ್ಪತ್ತೆಂಟಕ್ಕ ಇಳಿಸ್ಕೊಂಡು ಬರ್ರಿ."

ಹದಿಮೂರು ಕೆಜಿ ಏನು ಮಹಾ ಅಂದುಕೊಂಡೆ. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಸ್ಟಾಫ್ ರೂಮಿಗೆ ಬರುವ ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಕಡೆ ಬೆನ್ನು ಹಾಕಿ ಕೂತೆ. ಬೆಳಿಗ್ಗೆ ಒಂದು ತಾಸು ನಡೆದೆ. ಎರಡು ತಿಂಗಳಲ್ಲಿ ಎಂಬತ್ನಾಲ್ಕಕ್ಕೆ ಬಂದೆ. ಅಕ್ಕ ನನ್ನ ರವಿಕೆಗಳನ್ನೆಲ್ಲ ತಾನೇ ಕೂತು ಹೊಲಿಗೆ ಬಿಚ್ಚಿ ಸಣ್ಣ ಮಾಡಿಕೊಟ್ಟಳು.

ಅಲ್ಲಿಗೆ ತೂಕ ನಿಂತುಬಿಟ್ಟಿತು.

ಒಂದು ವಾರ ಎಂಬತ್ನಾಲ್ಕು. ಮತ್ತೊಂದು ವಾರವೂ ಅಷ್ಟೇ. ತೂಕದ ಮಶೀನೇ ಕೆಟ್ಟಿರಬೇಕೆಂದು ಅದರ ಮೇಲೆ ಅಕ್ಕಿಯ ಚೀಲ ಇಟ್ಟು ನೋಡಿದೆ, ಸರಿಯಾಗಿಯೇ ತೋರಿಸಿತು. ಎರಡು ರೊಟ್ಟಿ ಇದ್ದದ್ದನ್ನು ಒಂದು ಮಾಡಿದೆ. ರಾತ್ರಿ ಬರೀ ಮಜ್ಜಿಗೆ ಕುಡಿದೆ. ಸಂಜೆಯೂ ನಡೆದೆ. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಬರೆಯುತ್ತ ಬರೆಯುತ್ತ ಕಣ್ಣು ಕತ್ತಲಿಟ್ಟು ಬೋರ್ಡು ಹಿಡಿದು ನಿಂತೆ. ಮರುದಿನ ಬೆಳಿಗ್ಗೆ ತೂಗಿದರೆ ಎಂಬತ್ನಾಲ್ಕರ ಮೇಲೆ ಇನ್ನೂರು ಗ್ರಾಂ.

ಎರಡು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ಅಕ್ಕನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಡಯಾಲಿಸಿಸ್ ಮುಗಿಸಿ ಬಂದು ನಮ್ಮ ಹಾಲಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

"ನನ್ನ ಸಲುವಾಗಿ ಉಪಾಸ ಬೀಳಬ್ಯಾಡ ತಂಗಿ" ಎಂದಳು ಒಮ್ಮೆ. "ನಿನ್ನ ಮಾರಿ ನೋಡಿದ್ರ ಯಾರು ಪೇಶೆಂಟು ಅಂತ ತಿಳೀವಲ್ದು."

ದೀಪಾವಳಿಯ ರಜೆಯಲ್ಲಿ ಸಿರುಗುಪ್ಪಕ್ಕೆ ಹೋದೆ. ಊಟಕ್ಕೆ ಕೂತಾಗ ಭಾವ ನನ್ನ ತಟ್ಟೆ ನೋಡುತ್ತಿದ್ದರು. ಅಕ್ಕ ನೀರು ತರಲು ಒಳಗೆ ಹೋದಾಗ ಮೆಲ್ಲಗೆ ಹೇಳಿದರು.

"ಕೊಡಾಕ ಮನಸ್ಸಿದ್ರ ತೂಕ ತಾನ ಇಳಿತೈತಿ."

ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಬಳ್ಳಾರಿಗೆ ವಾಪಸಾಗುವಾಗ ಅರ್ಧ ದಾರಿ ದಾಟುವವರೆಗೂ ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಿಡಿದುಕೊಂಡೇ ಕೂತಿದ್ದೆ. ಅವರ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಿಟ್ಟು ಬರಲಿಲ್ಲ. ಏಕೆಂದರೆ ಕೆಲವು ಬೆಳಿಗ್ಗೆ ಮಶೀನಿನಲ್ಲಿ ಅದೇ ಎಂಬತ್ನಾಲ್ಕು ಕಂಡಾಗ, ಅಳು ಬರುವ ಮುಂಚೆ ಒಂದು ಕ್ಷಣ ನನಗೆ ನೆಮ್ಮದಿ ಆಗುತ್ತಿತ್ತು. ಇವತ್ತೂ ಇಲ್ಲ, ಈ ತಿಂಗಳೂ ಆಪರೇಷನ್ ಇಲ್ಲ ಎಂಬ ನೆಮ್ಮದಿ. ಅದನ್ನು ನಾನು ಗಂಡನಿಗೂ ಹೇಳಿರಲಿಲ್ಲ.

ಭಾವ ಅಂದದ್ದನ್ನಷ್ಟೇ ಹೇಳಿದೆ. ಗಂಡ ಅವರನ್ನು ಬೈಯಲಿಲ್ಲ, ನನಗೆ ಸಮಾಧಾನವನ್ನೂ ಹೇಳಲಿಲ್ಲ. "ನೀ ಒಬ್ಬಾಕಿನ ಗುದ್ದಾಡಿದ್ದು ಸಾಕು, ತಿಳಿದವರನ್ನ ಕೇಳೋಣ ನಡಿ" ಎಂದು ಡಯಟೀಷಿಯನ್ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಒಂದು ವಾರ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದುಕೊಂಡು ಬರಲು ಹೇಳಿದಳು. ಬರೆದಾಗಲೇ ನನಗೂ ಗೊತ್ತಾದದ್ದು: ಒಂದು ರೊಟ್ಟಿಯ ಜೊತೆ ನಾಲ್ಕು ಚಮಚ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ. ಹಸಿವೆಗೆ ಹೋಗುತ್ತ ಬರುತ್ತ ಬಾಯಿಗೆ ಹಾಕಿಕೊಳ್ಳುವ ಹುರಿಗಡಲೆ.

"ಮೈ ಹಗುರಾದಂಗ ಅದಕ್ಕ ಬೇಕಾಗೋದೂ ಕಡಿಮಿ ಆಗ್ತೈತ್ರಿ" ಎಂದಳು. "ಬರೇ ನಡೆದ್ರ ಅದು ಅಲ್ಲೇ ನಿಲ್ತೈತಿ. ಹಂಗಂತ ಉಪಾಸ ಇದ್ರ ಮಾಂಸಖಂಡ ಕರಗ್ತಾವು. ಕಾಳು, ಮೊಸರು ಜಾಸ್ತಿ ಮಾಡ್ರಿ. ಭಾರ ಎತ್ತೋದು ಕಲೀರಿ. ಚೊಲೋ ನಿದ್ದಿ ಮಾಡ್ರಿ."

ಮೊಳಕೆ ಹೆಸರು, ಗಟ್ಟಿ ಬೇಳೆ, ಅಳೆದ ಎಣ್ಣೆ. ಬೆಳಿಗ್ಗೆ ಎರಡು ಕೈಗೂ ನೀರು ತುಂಬಿದ ಬಾಟಲಿ ಹಿಡಿದು ಕುರ್ಚಿಯಿಂದ ಏಳುವುದು, ಕೂರುವುದು. ಶಾಲೆ ಬಿಟ್ಟ ಮೇಲೆ ಕುರುಗೋಡಿನ ಗುಡ್ಡದ ಏರಿನಲ್ಲಿ ಎರಡು ಸಲ ಹತ್ತಿ ಇಳಿದು ಬಸ್ಸು ಹಿಡಿಯುತ್ತಿದ್ದೆ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಎಂಬತ್ಮೂರು ಎಂದು ತೋರಿಸಿದಾಗ ಇಳಿದು ಮತ್ತೆ ಹತ್ತಿ ನೋಡಿದೆ. ಆಮೇಲೆ ಅದು ನಿಲ್ಲಲಿಲ್ಲ.

ಎಂಬತ್ತಕ್ಕೆ ಬಂದಾಗ ಅಕ್ಕನಿಗೆ ಡಯಾಲಿಸಿಸ್ ನಳಿಕೆಯಿಂದ ಸೋಂಕು ತಗುಲಿ ಜ್ವರ ಬಂತು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಎಪ್ಪತ್ತೆಂಟು ಮುಟ್ಟಿ ಡಾಕ್ಟರ ಮುಂದೆ ಕೂತ ದಿನ ಅವರ ಮೇಜಿನ ಮೇಲೆ ಅವಳ ಹೃದಯದ ರಿಪೋರ್ಟಿತ್ತು.

"ನೀವು ಭಾಳ ಕಷ್ಟಪಟ್ಟೀರಿ ಮೇಡಂ" ಎಂದರು. ಆ ರಿಪೋರ್ಟನ್ನು ನನ್ನ ಕಡೆ ತಿರುಗಿಸಿದರು. "ಆದ್ರ ಅವರ ಹಾರ್ಟು ಈಗ ಆಪರೇಷನ್ ತಡಿಯಂಗಿಲ್ಲ."

ಎರಡು ತಿಂಗಳ ಹಿಂದೆ ಬಂದಿದ್ದರೆ ತಡೆಯುತ್ತಿತ್ತೇ ಎಂದು ಕೇಳಿದೆ. ಅದನ್ನು ಹೇಳಾಕ ಬರಂಗಿಲ್ಲ ಎಂದರು. ಆ ಮಾತು ಕರುಣೆಯೋ ನಿಜವೋ ನನಗೆ ಇಂದಿಗೂ ತಿಳಿದಿಲ್ಲ.

ಅಕ್ಕನಿಗೆ ನಾನೇ ಹೇಳಿದೆ. ಅವಳು ನನ್ನ ಮುಂಗೈ ಹಿಡಿದು, ಬೆರಳು ಸುತ್ತಿಸಿ ನೋಡಿದಳು. "ಎಷ್ಟು ಸಣ್ಣಾಗೀಯಲೇ. ಅವ್ವನಂಗ ಕಾಣಾಕ ಹತ್ತೀ."

ಎಂಬತ್ನಾಲ್ಕು ಕಂಡಾಗಿನ ಆ ಕ್ಷಣದ ನೆಮ್ಮದಿಯ ವಿಷಯ ಹೇಳಬೇಕೆಂದುಕೊಂಡೆ. ಅವಳಿಗೆ ದಣಿವಾಗಿತ್ತು, ಕಣ್ಣು ಮುಚ್ಚಿದಳು. ಮತ್ತೆ ಹೇಳುವ ಸಂದರ್ಭ ಬೇಗ ಒದಗಲಿಲ್ಲ, ಒದಗಿದಾಗ ನಾನು ಹೇಳಲಿಲ್ಲ.

ಯುಗಾದಿ ಕಳೆದ ಮೇಲೆ ಹೋಗಿಬಿಟ್ಟಳು. ಸಿರುಗುಪ್ಪದಲ್ಲಿ ಮಣ್ಣು ಮಾಡಿದ ಮೇಲೆ ನಾನು ಹೊರಟಾಗ ಭಾವ ನನ್ನ ಚೀಲ ಹಿಡಿದುಕೊಂಡರು. ಬಸ್ ಸ್ಟ್ಯಾಂಡಿನವರೆಗೆ ಬಂದು, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದರು.

ಈಗ ನನ್ನ ತೂಕ ಎಪ್ಪತ್ತಾರು. ಕಳೆದ ತಿಂಗಳು ಹೊಸದಾಗಿ ಬಂದ ಗಣಿತದ ಟೀಚರು ಸ್ಟಾಫ್ ರೂಮಿನಲ್ಲಿ ಕೇಳಿದರು: "ನಂದು ಎಪ್ಪತ್ತಕ್ಕ ಬಂದು ನಿಂತುಬಿಟ್ಟೈತ್ರಿ. ನೀವು ಹೆಂಗ ದಾಟಿದ್ರಿ?"

ಒಂದು ಹಾಳೆ ತೆಗೆದುಕೊಂಡು ಕಾಳು, ಮೊಸರು, ಎಣ್ಣೆಯ ಅಳತೆ, ಗುಡ್ಡದ ಏರು ಎಲ್ಲ ಬರೆದುಕೊಟ್ಟೆ. ಯಾಕೆ ಇಳಿಸಿದಿರಿ ಎಂದು ಅವರು ಕೇಳಲಿಲ್ಲ.