ಗೋಡೆಯ ಮೇಲಿನ ಕೈ

ಬೆಂಗೇರಿಯ ನಮ್ಮ ಮನೆಗೆ ಬಣ್ಣ ಹೊಡೆಯಲು ಬಂದ ದಾವಲ್ ಇವತ್ತು ಬೆಳಿಗ್ಗೆ ಕಪಾಟಿನ ಪಕ್ಕದ ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿದ. ಎದೆಮಟ್ಟದಲ್ಲಿ ಅಲ್ಲೊಂದು ಕೈಯ ಗುರುತು. ಐದೂ ಬೆರಳು ಎಣಿಸಬಹುದು. ತಲೆಯ ಎಣ್ಣೆ ಕುಡಿದು ಕಪ್ಪಾಗಿದೆ.

“ಎಣ್ಣಿ ಕೈ ರೀ ಕಾಕಾ. ಒಂದು ಕೈ ಮುಚ್ಚಾಕ ಎರಡು ಕೈ ಬಣ್ಣ ಬೇಕು,” ಅಂದ.

ಬೇರೆ ಗೋಡೆಯಾಗಿದ್ದರೆ ಆ ಎರಡನೆಯ ಕೈಗಾಗಿ ಅರ್ಧ ತಾಸು ಚೌಕಾಸಿ ಮಾಡುತ್ತಿದ್ದೆ. ಆದರೆ ಆ ಗುರುತು ನನ್ನದು.

ನಾನು ಪಾತ್ರೆ ಮಾರುವವನು. ಸೈಕಲ್ಲಿಗೆ ಡಬರಿ, ಚರಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ಅಲೆದು, ಕೊನೆಗೆ ಹುಬ್ಬಳ್ಳಿ ಪೇಟೆಯಲ್ಲಿ ಅಂಗಡಿ ಹಾಕಿದವನು. ಎರಡು ವರ್ಷದ ಹಿಂದೆ ಮೇಲಿನ ಹಲಗೆಯಿಂದ ತಾಮ್ರದ ಹಂಡೆ ಇಳಿಸಲು ಏಣಿ ಹತ್ತಿದವನು ಹಂಡೆಯ ಸಮೇತ ಕೆಳಗೆ ಬಂದೆ. ಹಂಡೆಗೆ ತಗ್ಗು ಬಿತ್ತು, ನನಗೇನೂ ಆಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಆಗಿದ್ದು ಏನೆಂದರೆ, ಅಂದಿನಿಂದ ಒಂದು ಕಾಲು ನೆಲ ಬಿಟ್ಟರೆ ಸಾಕು, ಎದೆ ಡವಡವ. ನಮ್ಮ ಅವ್ವ ಬಚ್ಚಲದ ಕಲ್ಲಿನ ಮೇಲೆ ಜಾರಿ ಬಿದ್ದವಳು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಇನ್ನು ನನ್ನ ಪಾಳಿ ಅನಿಸಿಬಿಟ್ಟಿತ್ತು. ಪ್ಯಾಂಟು ಹಾಕುವಾಗ, ತಲೆಗೆ ಎಣ್ಣೆ ಹಚ್ಚಿದ ಕೈಯಿಂದಲೇ ಗೋಡೆ ಹಿಡಿಯತೊಡಗಿದೆ. ಅಂಗಡಿಯಲ್ಲಿ ಹಂಡೆ ಕೇಳಿದವರಿಗೆ, “ಅದು ಬುಕ್ ಆಗೇತ್ರಿ” ಎನ್ನತೊಡಗಿದೆ. ಮಾಲು ತಲೆಯ ಮೇಲೆ ಹೊಳೆಯುತ್ತಿದೆ, ಮಾಲೀಕ ಇಲ್ಲ ಅನ್ನುತ್ತಿದ್ದಾನೆ. ಇಂಥ ವ್ಯಾಪಾರ ನೀವು ಕಂಡಿದ್ದೀರಾ?

ಡಾಕ್ಟರು ಕಿವಿ, ನರ ಎಲ್ಲ ನೋಡಿ, “ಹೆದರಿಕಿಗೆ ಗುಳಿಗಿ ಇಲ್ರಿ. ತಾಯ್ ಚಿ ಅಂತ ಚೀನಾದ ನಿಧಾನ ಕಸರತ್ತು ಐತಿ, ಅದನ್ನ ಕಲೀರಿ,” ಅಂದರು. ಮನೆಯಲ್ಲಿ ಹೆಂಡತಿ ಶಾಂತಾಳಿಗೆ ವಾಕಿಂಗ್ ಎಂದು ಸುಳ್ಳು ಹೇಳಿ ಉಣಕಲ್ ಕೆರೆಯ ಹತ್ತಿರದ ಕುಂಗ್ ಫೂ ಶಾಲೆಗೆ ಹೋದೆ. ಸಂಜೆ ಹುಡುಗರು ಹಾರಿ ಒದೆಯುವ ಹಾಲ್ ಅದು, ಬೆಳಿಗ್ಗೆ ನಮ್ಮಂಥವರಿಗೆ. ಕಲಿಸುವವರು ಶೈಲಾ ಮೇಡಂ, ನನ್ನ ಮಗಳ ವಯಸ್ಸು.

“ಮೂರು ತಿಂಗಳದ್ದು ಒಮ್ಮೆ ಕೊಡತೇನಿ. ಎಷ್ಟು ಬಿಡತೀರಿ?” ಅಂದೆ. ಚಟ, ಏನು ಮಾಡುವುದು.

“ಅರ್ಧಾ ಬಿಡತೇನ್ರಿ. ಕಾಲು ಎತ್ತೂದು ಕಲಸತೇನಿ. ಇಳಸೂದು ನೀವ ನೋಡ್ಕೊಳ್ರಿ.”

ಪೂರ್ತಿ ಕೊಟ್ಟೆ.

ಕೆನೆ ಕದಡದ ಹಾಗೆ ಹಾಲಿನ ಪಾತ್ರೆ ಒಯ್ಯುತ್ತಾರಲ್ಲ, ತಾಯ್ ಚಿ ಅಂದರೆ ಮೈಯನ್ನೇ ಹಾಗೆ ಒಯ್ಯುವುದು. ನನಗೆ ಜೋಡಿಯಾದವರು ಸಪ್ತಾಪುರದಿಂದ ಬರುವ ನಿವೃತ್ತ ಗಣಿತದ ಮಾಸ್ತರು. ಛತ್ರಿಯ ಕಡ್ಡಿಯಂಥ ಮನುಷ್ಯ. ಮಣಿಕಟ್ಟಿಗೆ ಮಣಿಕಟ್ಟು ಹಚ್ಚಿ ಒಬ್ಬರನ್ನೊಬ್ಬರು ತಳ್ಳುವ ಆಟ. ನಾನು ರೊಟ್ಟಿ ತಿಂದ ಜೋರಿನಲ್ಲಿ ತಳ್ಳಿದೆ. ಅವರು ಅಲ್ಲಿರಲೇ ಇಲ್ಲ. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ.

“ಏನ್ರಿ ಸಾವಕಾರ್ರ, ಗಿರಾಕಿ ಬಾಯಿ ಬಿಡೂಕಿಂತ ಮೊದಲ ನೀವ ರೇಟ್ ಹೇಳಿಬಿಟ್ರಲ್ಲ,” ಅಂದರು.

ನಲವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಇದಕ್ಕಿಂತ ಅವಮಾನ ಬೇಕೆ?

ಆದರೂ ಒಂಟಿ ಕಾಲಿನ ಪಟ್ಟು ಬಂದಾಗಲೆಲ್ಲ ಕಿಟಕಿಯ ಕಡೆಗೇ ಸರಿಯುತ್ತಿದ್ದೆ. ಒಂದು ದಿನ ಮೇಡಂ ಬಂದು ನನ್ನ ಪಾದ ನೋಡಿದರು.

“ಕಾಲು ಇಡ್ರಿ, ಭಾರ ಇಡಬ್ಯಾಡ್ರಿ. ನೆಲಾ ಹೆಂಗೈತಿ ಅಂತ ಮೊದಲ ಕೇಳ್ರಿ. ಆಮ್ಯಾಲೆ ಸಾವಕಾಶ ಭಾರ ಕೊಡ್ರಿ.”

“ಮಾತು ಕೊಡೂದು ಬ್ಯಾರೆ, ಮಾಲು ಕೊಡೂದು ಬ್ಯಾರೆ ಅಂದಂಗಾತು.”

“ಹಾಂ. ನೀವು ಬರೇ ಮಾತಿಗೆ ಪೂರಾ ಮಾಲು ಕೊಡಾಕತ್ತೀರಿ. ಅದಕ್ಕ ಬೀಳತೀರಿ.”

ಖರೇ ಹೇಳುತ್ತೇನೆ, ಈ ಮಾತು ನೀವೂ ಗಂಟು ಹಾಕಿಕೊಳ್ಳಿ. ಮೆಟ್ಟಿಲು ಇಳಿಯುವಾಗ, ಹಸಿ ನೆಲದ ಮೇಲೆ, ಬೀಗರ ಮಾತಿನ ಮೇಲೆ ಕೂಡ, ಕಾಲಿಡಿ, ಭಾರ ಮಾತ್ರ ತಡೆದು ಇಡಿ. ನನಗೆ ಅದು ಮೈಗೆ ಹತ್ತಲು ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಶಾಲೆಯಲ್ಲಿ ಪಟ್ಟು ಹಾಕುತ್ತಾ ತಾಮ್ರದ ಭಾವ ಏರಿದ್ದರ ಬಗ್ಗೆ ಯೋಚಿಸುತ್ತಿದ್ದೆ. ನೋಡಿದರೆ ಎಡಗಾಲು ಗಾಳಿಯಲ್ಲಿತ್ತು. ಎದೆ ಸುಮ್ಮನಿತ್ತು. ಅವತ್ತೇ ಅಂಗಡಿಯಲ್ಲಿ ಏಣಿ ಹತ್ತಿ, “ಬುಕ್ ಆದ” ಹಂಡೆಗಳನ್ನೆಲ್ಲ ಕೆಳಗಿಳಿಸಿದೆ.

ಇಷ್ಟು ನೆನೆಸಿಕೊಳ್ಳುವಷ್ಟರಲ್ಲಿ ಶಾಂತಾ ಚಹಾ ತಂದಳು. ದಾವಲ್ ಕೇಳಿಯೇಬಿಟ್ಟ: “ಯಾರ ಕೈ ರೀ ಕಾಕೂ ಇದು?”

“ಇವರದ. ಹಳೇದು. ದೀಪಾವಳಿಯಿಂದ ಹೊಸಾದು ಬಿದ್ದಿಲ್ಲ.”

“ನಿನಗ ಗೊತ್ತಿತ್ತೇನು?” ಅಂದೆ.

“ಗ್ವಾಡಿ ಒರಸಾಕಿ ಯಾರು? ದಿನಾ ಮುಂಜಾನೆ ಹಸಿ ಎಣ್ಣಿ ಹೊಳೀತಿತ್ತು. ನೀವು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.”

ಮನೆಯಲ್ಲೇ ಇಷ್ಟು ದೊಡ್ಡ ವ್ಯಾಪಾರಿ ಇದ್ದಳು. ನಾನು ಕೆರೆ ದಂಡೆಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದೆ.

“ಎರಡು ಕೈ ಹೊಡಿಯಪಾ,” ಅಂದೆ ದಾವಲ್‌ಗೆ. ಅವನು ಚೌಕಾಸಿಗೆ ಕಾಯುತ್ತಾ ನಿಂತ. ನಾನು ಸ್ನಾನಕ್ಕೆ ಹೋದೆ.

ಬಂದಾಗ ಅವನು ಮೊದಲ ಕೈ ಮುಗಿಸಿ ಹೊರಗೆ ಬ್ರಷ್ ತೊಳೆಯುತ್ತಿದ್ದ. “ಕಾಕಾ, ಗ್ವಾಡಿ ಹಸೀ ಐತಿ. ಹಿಡೀಬ್ಯಾಡ್ರಿ,” ಎಂದು ಕೂಗಿದ.

ಪ್ಯಾಂಟು ಹಿಡಿದು ಕೋಣೆಯ ನಡುವೆ ನಿಂತು ಬಲಗಾಲು ಎತ್ತಿದೆ, ಇಳಿಸಿದೆ. ಆಮೇಲೆ ಎಡಗಾಲು. ಅದು ನೆಲ ಮುಟ್ಟಿದ ಮೇಲೆ ಬಾಗಿಲ ಕಡೆ ಯಾರೋ ಹಿಡಿದ ಉಸಿರು ಬಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಶಾಂತಾ, ಕೈಯಲ್ಲಿ ಖಾಲಿ ಕಪ್ಪು.

“ಲಗೂ ಹೋಗ್ರಿ,” ಅಂದಳು, “ಅಂಗಡಿಗೆ ತಡಾ ಆತು.”