ಪುಟದಡಿಯ ಹೆಸರು

ಅವರ ಎರಡೂ ತೋರುಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು. ಉಗುರಿನ ಸುತ್ತ ಕಾರ್ಬನ್ ಕಾಗದದ ನೀಲಿ. ಜೀವಮಾನವೆಲ್ಲ ಆ ಎರಡೇ ಬೆರಳಲ್ಲಿ ಟೈಪು ಹೊಡೆದವರು. ಹೊಸಕೋಟೆಯ ತಾಲ್ಲೂಕು ಕಚೇರಿ ಮುಂದೆ, ಹೊಂಗೆ ಮರದಡಿ ಮೇಜು ಹಾಕಿಕೊಂಡು ಅರ್ಜಿ, ಸಾಕ್ಷಿಗಳ ಹೇಳಿಕೆ ಹೊಡೆದುಕೊಡುತ್ತಿದ್ದ ಅವರನ್ನು ಎಲ್ಲರೂ ಟೈಪು ಸಾಹೇಬರು ಎನ್ನುತ್ತಿದ್ದರು. ಕನ್ನಡಕ ಹಣೆಗೇರಿತೆಂದರೆ ಜಗಳಕ್ಕೆ ಸಿದ್ಧರಾದರು ಎಂದು ಕಚೇರಿಯ ಜವಾನನಿಗೂ ಗೊತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಾನಾಗ ಅಲ್ಲಿ ಶಾಲಾ ಮೇಷ್ಟ್ರು. ಕಣ್ಣೆಲ್ಲ ಕಾಲೇಜಿನ ಕೆಲಸದ ಮೇಲೆ. ಅದಕ್ಕೆ ಒಂದು ಸಂಶೋಧನಾ ಲೇಖನ ಅಚ್ಚಾಗಬೇಕಿತ್ತು. ನಂದಗುಡಿ ಕಡೆ ಕೆರೆನೀರು ಹಂಚುವ ಕ್ರಮದ ಬಗ್ಗೆ ಇಂಗ್ಲಿಷಿನಲ್ಲಿ ಬರೆದೆ. ವಿಷಯವೆಲ್ಲ ಹೇಳಿದ್ದು ಅಲ್ಲಿ ಕೆರೆಯ ತೂಬು ತೆಗೆದು ನೀರು ಬಿಡುವ ನೀರಗಂಟಿ ಮನೆಯ ಮುದುಕಿ. ಯಾರ ಗದ್ದೆಗೆ ಯಾವಾಗ ನೀರು ಎಂಬುದೆಲ್ಲ ಆಕೆಗೆ ಬಾಯಿಪಾಠ. ಮೂರು ಭಾನುವಾರ ಆಕೆಯ ಜಗಲಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಬರೆದುಕೊಂಡು ಬಂದಿದ್ದೆ.

ಬೆಂಗಳೂರಿನ ಪತ್ರಿಕೆಯವರು ಲೇಖನ ಹಿಂದಿರುಗಿಸಿ, ಜೊತೆಗೆ ಹೊಸ ನಿಯಮಗಳ ಹಾಳೆ ಇಟ್ಟಿದ್ದರು. ಅಂಚು ಒಂದೂವರೆ ಅಂಗುಲ ಇರಬೇಕು. ಅಡಿಟಿಪ್ಪಣಿಯಲ್ಲಿ ಅಚ್ಚಾದ ಪುಸ್ತಕಗಳ ಹೆಸರು ಮಾತ್ರ ಬರಬೇಕು. ನಾನು ಅಡಿಟಿಪ್ಪಣಿಯಲ್ಲಿದ್ದ ಮುದುಕಿಯ ಹೆಸರಿಗೆ ಗೀಟು ಹಾಕಿ, ಹೊಸದಾಗಿ ಟೈಪು ಮಾಡಿಕೊಡಿ ಎಂದು ಸಾಹೇಬರ ಮುಂದಿಟ್ಟೆ. ಕನ್ನಡಕ ಮೇಲೇರಿತು.

"ಇದೆಲ್ಲಾ ಹೇಳಿದ್ಯಾರು ಮೇಷ್ಟ್ರೇ?"

"ಆ ಅಜ್ಜೀನೇ. ಆದ್ರೆ ಅವ್ರ ರೂಲ್ಸು ಹಂಗಿದೆ ಸಾಹೇಬ್ರೇ."

"ಅಂಚು ಮೂರಂಗುಲ ಬಿಡು ಅನ್ಲಿ, ಬಿಡ್ತೀನಿ. ಸಾಕ್ಷಿ ಹೆಸ್ರಿಲ್ದೆ ಹೇಳಿಕೆ ಹೊಡಿ ಅಂದ್ರೆ ಅಮಲ್ದಾರ್ರಿಗೂ ಹೊಡ್ಕೊಟ್ಟಿಲ್ಲ ನಾನು."

"ಕಾಲೇಜು ಕೆಲ್ಸ ಕೈತಪ್ಪೋಗುತ್ತೆ."

"ಹೋಗ್ಲಿ. ಆಯಮ್ಮನ ಮಜ್ಜಿಗೆ ಕುಡ್ದೋರು ನೀವೇ ತಾನೆ?"

ನನಗೆ ಮೈಯೆಲ್ಲ ಉರಿಯಿತು. ಬೆಂಗಳೂರಿನಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದು ಹಾಳೆಗಳನ್ನು ಎತ್ತಿಕೊಂಡು ಹೊರಟೆ. ಬಸ್ಸಿಗೆ ಕಾಯುತ್ತ ನಿಂತಾಗ ಆ ಮಜ್ಜಿಗೆಯ ಮಾತು ಬೆನ್ನು ಬಿಡಲಿಲ್ಲ. ನಾಚಿಕೆಯಾಯಿತು. ಬಸ್ಸು ಬಂತು, ನಾನು ಹತ್ತಲಿಲ್ಲ. ಹೊಂಗೆ ಮರದಡಿಗೆ ಹಿಂದಿರುಗಿ, ಅಜ್ಜಿಯ ಹೆಸರು ಇರಲಿ ಎಂದೆ.

ಸಾಹೇಬರು ಟೈಪು ಯಂತ್ರಕ್ಕೆ ಹಾಳೆ ಏರಿಸಿದರು. ಅಂಚು ಸರಿಯಾಗಿ ಒಂದೂವರೆ ಅಂಗುಲ. ಪುಟದಡಿಯಲ್ಲಿ, ಕಚೇರಿಯ ಹೇಳಿಕೆಗಳ ಕ್ರಮದಲ್ಲೇ, ಮುದುಕಿಯ ಹೆಸರು, ಗಂಡನ ಹೆಸರು, ವಯಸ್ಸು, ಕಸುಬು, ಊರು ಎಲ್ಲ ಹೊಡೆದರು. ನಿಮ್ಮ ಹೆಸರನ್ನೂ ಎಲ್ಲಾದರೂ ಹಾಕೋಣ ಎಂದೆ. "ನಾನೇನು ಕಂಡಿದ್ನಾ, ಕೇಳಿದ್ನಾ? ನನ್ ಹೆಸ್ರು ಎಲ್ಲೂ ಹಾಕ್ಬೇಡಿ" ಎಂದರು.

ಲೇಖನ ವಾಪಸು ಬಂತು. ಒಂದಕ್ಷರವೂ ಬದಲಿಸದೆ ಮತ್ತೆ ಕಳಿಸಿದೆ. ಮತ್ತೆ ಬಂತು. ಕಾಲೇಜಿನ ಕೆಲಸ ಬೇರೆಯವರಿಗಾಯಿತು. ನಾನು ಶಾಲಾ ಮೇಷ್ಟ್ರಾಗಿಯೇ ನಿವೃತ್ತನಾದೆ. ಅದಕ್ಕೆ ಇವತ್ತಿಗೂ ನನಗೆ ಒಂದಿಷ್ಟೂ ಬೇಸರವಿಲ್ಲ.

ಸಾಹೇಬರು ತೀರಿಕೊಂಡು ಬಹಳ ವರ್ಷಗಳಾದವು. ಈಗ ನಿಯಮಗಳು ಮತ್ತೆ ಬದಲಾಗಿವೆಯಂತೆ, ಬಾಯಿಮಾತು ಹೇಳಿದವರ ಹೆಸರನ್ನೂ ಕೊಡಬಹುದಂತೆ. ನಾಳೆ ಪತ್ರಿಕೆಯವರು ಬೇಡವೆಂದರೂ ನಾನು ಕೊಡುವವನೇ. ಆದರೆ ಇಷ್ಟನ್ನೆಲ್ಲ ಕಲಿಸಿದವರ ಹೆಸರನ್ನು ಮಾತ್ರ ಇಲ್ಲಿ ಬರೆದಿಲ್ಲ. ಬೇಡವೆಂದವರು ಅವರೇ; ಅವರೊಬ್ಬರ ನಿಯಮಕ್ಕೆ ನಾನು ತಲೆಬಾಗುತ್ತೇನೆ.